ಚಿಕ್ಕಿಯನ್ನು ನೋಡಲು ಬಂದ ಡಾಕ್ಟರು

ಮದುವೆಯ ಹುಡುಗನ ಮುಖ ಅವನು ಅಂಗಳಕ್ಕೆ ಬಂದ ಮೇಲೆಯೇ ಕಾಣುತ್ತಿದ್ದ ದಿನಗಳು ಅವು. ತೊಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ ನಾನು ವಾನಳ್ಳಿಯ ಅಜ್ಜನಮನೆಯಲ್ಲಿದ್ದೆ. ಅಮ್ಮನ ತಂಗಿ ಶಾರದಾ ಚಿಕ್ಕಿಯನ್ನು ಬಣ್ಣ ಕಪ್ಪು ಎಂದು ಆಗಲೇ ಇಬ್ಬರು ಬೇಡವೆಂದಿದ್ದರು.

"ಇದೇ ಕಡೆ. ಇನ್ನು ತಟ್ಟೆ ಹಿಡ್ಕಂಡು ನಿಲ್ಲದು ಎನ್ನ ಹತ್ರ ಆಗ್ತಿಲ್ಲೆ" ಎಂದಿದ್ದಳು ಚಿಕ್ಕಿ.

ಹುಲೇಕಲ್ ಕಡೆಯ ಹುಡುಗ ಒಬ್ಬನೇ ಅವಳನ್ನು ನೋಡಲು ಬರುವವನಿದ್ದ. ಅದೇ ಬೆಳಿಗ್ಗೆ ಗೌರಿ ದನಕ್ಕೆ ಕರು ಹಾಕುವ ನೋವು. ದನದ ಡಾಕ್ಟರಿಗೂ ಹೇಳಿಕಳಿಸಿ, ಚಿಕ್ಕಿ ಹಳೇ ಸೀರೆಯಲ್ಲೇ ಕೊಟ್ಟಿಗೆ ಸೇರಿದಳು.

ಇಸ್ತ್ರಿ ಅಂಗಿಯವರೊಬ್ಬರು ಜಗಲಿ ಹತ್ತಿದರು. ನಮ್ಮಲ್ಲಿ ಬಂದವರಿಗೆ ಮೊದಲು ಆಸರಿಗೆ, ಅಂದರೆ ತಿನ್ನಲು ಕುಡಿಯಲು ಕೊಡಬೇಕು. ಯಾರು, ಎಂತಕ್ಕೆ ಬಂದಿರಿ ಎಂದು ಕೇಳುವುದು ಆಮೇಲೆ. ಅಜ್ಜಿ ತುಪ್ಪ ಸೋರುವ ಶಿರಾ ಬಡಿಸಿದಳು. ಅವರು ತಲೆತಗ್ಗಿಸಿ ತಿಂದರು. ಹುಡುಗ ಸಂಭಾವಿತ ಎಂದು ಅಜ್ಜನಿಗೆ ಖುಷಿಯೋ ಖುಷಿ.

ಹುಡುಗ ಬಂದ ಎಂದು ಚಿಕ್ಕಿಯನ್ನು ಕರೆಯಲು ನಾನು ಓಡಿದೆ. ಕೊಟ್ಟಿಗೆಯಲ್ಲಿ ಇನ್ನೊಬ್ಬ, ಪ್ಯಾಂಟು ಮಡಚಿಕೊಂಡು ಕರುವಿನ ಕಾಲು ಹಿಡಿದು ಎಳೆಯುತ್ತಿದ್ದ. ಹಿಂದಿನ ಕಾಲುದಾರಿಯಲ್ಲಿ ಬಂದವನನ್ನು ಚಿಕ್ಕಿಯೇ ಡಾಕ್ಟರೆಂದು ಒಳಗೆ ಕರೆದಿದ್ದಳಂತೆ.

"ಮೆಲ್ಲಗೆ, ಡಾಕ್ಟ್ರೇ. ಒಳಗೆ ಒಬ್ಬಂವ ಕೂತಿದ್ದ. ಎನ್ನ ಬಣ್ಣ ನೋಡಿ, ಶಿರಾ ತಿಂದ್ಕಂಡು ಹೋಗ್ತ."

"ಶಿರಾ ಆದ್ರೂ ಚೊಲೋ ಇದ್ದಾ?"

"ಆನೇ, ಎನ್ನ ಕೈಯಾರೆ ಮಾಡಿದ್ದು."

ಅಷ್ಟರಲ್ಲಿ ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಇಬ್ಬರೂ ಮೈಯೆಲ್ಲ ಕೊಳೆ ಮಾಡಿಕೊಂಡು ನಕ್ಕರು. ಚಿಕ್ಕಿ ಹಾಗೆ ನಕ್ಕಿದ್ದನ್ನು ನಾನು ಆ ರಜೆಯಲ್ಲಿ ನೋಡಿರಲೇ ಇಲ್ಲ.

ಒಳಗೆ ಅಜ್ಜ ಮನೆಮಂದಿಯ ಬಗ್ಗೆ ವಿಚಾರಿಸಿದ್ದ. "ಹೆಂಡ್ತಿ, ಇಬ್ರು ಮಕ್ಕಳದಾರ್ರಿ. ಆಕಳಾ ಎಲ್ಲೈತ್ರಿ?" ಎಂದರಂತೆ ಹಾವೇರಿ ಕಡೆಯ ಆ ಡಾಕ್ಟರು. ಅಜ್ಜ ಬಿದ್ದೆನೋ ಎದ್ದೆನೋ ಎಂದು ಅವರನ್ನು ಕೊಟ್ಟಿಗೆಗೆ ಕರೆತಂದ.

ಡಾಕ್ಟರು ಇವರು ಎಂದು ಅಜ್ಜ ಹೇಳಿದ್ದೇ, ಚಿಕ್ಕಿ ಅವರನ್ನೂ ಇವನನ್ನೂ ನೋಡಿದಳು. "ಹಂಗಾದ್ರೆ ನಿಂಗ ಯಾರು?"

"ನೋಡಲೆ ಬಂದಂವ."

"ಮೊದಲೇ ಹೇಳಲಾಗ್ತಿತ್ತಿಲ್ಯ?"

"ಪುರಸೊತ್ತು ಎಲ್ಲಿತ್ತು?" ಎಂದ. ಆಮೇಲೆ ಮೆಲ್ಲಗೆ, "ಎಂಗೆ ಒಪ್ಗೆ. ನಿಂಗೆ?"

ಒಪ್ಪಿಗೆಯೋ ಎಂದು ಚಿಕ್ಕಿಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅವಳ ಕಣ್ಣು ತುಂಬಿತು. ಹೂಂ ಎಂದಳು.

ಮೊನ್ನೆ ಚಿಕ್ಕಿಯ ಮಗಳನ್ನು ಹುಡುಗನೊಬ್ಬ ಫೋನಿನಲ್ಲೇ ನೋಡಿದ. ಅವನ ಎತ್ತರ, ಸಂಬಳ ಎಲ್ಲ ಇವಳಿಗೆ ಮೊದಲೇ ಗೊತ್ತು. ಕಿಟಕಿಯ ಬೆಳಕಿಗೆ ಮುಖ ಕೊಟ್ಟು, ತುಟಿ ಬಿಗಿದು, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ನನಗೆ ಅಯ್ಯೋ ಪಾಪ ಅನ್ನಿಸಿತು. ಫೋನು ಆರಿದ ಮೇಲೆ ಯಾವುದಕ್ಕೋ, ಅಂದು ಕೊಟ್ಟಿಗೆಯಲ್ಲಿ ಚಿಕ್ಕಿ ನಕ್ಕ ಹಾಗೆ, ಬಾಯ್ತುಂಬ ನಕ್ಕಳು.

ಆ ನಗು ಹುಡುಗನಿಗೆ ಕಾಣಲೇ ಇಲ್ಲ.