ಬಗಲಿನ ಗಂಟು

ಸಿಂದಗಿಗೆ ಬಂದು ಸಾಮಾನು ಇನ್ನೂ ಬಿಚ್ಚಿರಲಿಲ್ಲ. ಪಕ್ಕದ ಮನೆಯ ಹುಸೇನಬಿ ಹೇಳದೆ ಕೇಳದೆ ಒಳಗೆ ಬಂದು, ನನ್ನ ಮಗಳು ಚಿನ್ಮಯಿಯನ್ನು ಎತ್ತಿಕೊಂಡವರೇ ಗದರಿದರು: "ಕೂಸಿನ ಬಗಲಾಗ ಗಂಟ ಐತಲ್ಲವಾ! ಡಾಕ್ಟರಿಗಿ ತೋರಿಸೀಯೋ ಇಲ್ಲೋ?"

ಜಗಳಕ್ಕೇ ಬಂದರೆಂದುಕೊಂಡೆ. ನಮ್ಮ ಮಂಡ್ಯದಲ್ಲಿ ನೆರೆಯವರು ಕಾಫಿ ಆಯ್ತಾ ಎಂದು ಶುರುಮಾಡಿ, ಸುತ್ತಿ ಬಳಸಿ ವಿಷಯಕ್ಕೆ ಬರುತ್ತಾರೆ. ಬಗಲು ಎಂದರೆ ಕಂಕುಳು ಎಂದು ತಿಳಿಯಲೂ ನನಗೆ ಕ್ಷಣ ಹಿಡಿಯಿತು. ಎಳೆಮೈಯ ಮಡಿಕೆಯೆಂದು ದಿನವೂ ಎಣ್ಣೆ ಸವರುತ್ತಿದ್ದ ಆ ಮೆತ್ತನೆಯ ಉಬ್ಬು ಇನ್ನೊಂದು ಕಂಕುಳಲ್ಲಿ ಇರಲಿಲ್ಲ.

ಗಂಡನಿಗೆ ಇಲ್ಲಿನ ಕಾಲೇಜಿಗೆ ವರ್ಗವಾಗಿತ್ತು. ಕೆಲಸಕ್ಕೆ ಹಾಜರಾಗುವ ಮೊದಲೇ ವಿಜಯಪುರದ ಆಸ್ಪತ್ರೆಗೆ ಓಡಿದೆವು. ಸ್ಕ್ಯಾನ್ ನೋಡಿದ ಮಕ್ಕಳ ಶಸ್ತ್ರವೈದ್ಯೆ ಹೇಳಿದರು: "ಕ್ಯಾನ್ಸರ್ ಇದ್ದಂಗ ಕಾಣೂದಿಲ್ರಿ. ಲೈಪೋಬ್ಲಾಸ್ಟೋಮಾ ಅಂತಾರ. ಸಣ್ಣ ಮಕ್ಕಳ ಕೊಬ್ಬಿನಾಗ ಬೆಳಿಯೋ ಗಂಟು, ಭಾಳ ಅಪರೂಪ. ಆದ್ರ ಕೈಗಿ ಹೋಗೋ ನರದ ಸುತ್ತ ಹಬ್ಬೇತಿ. ತಗೀಬೇಕು."

"ಕೈಗೆ ಏನೂ ಆಗಲ್ಲ ಅಲ್ವಾ ಡಾಕ್ಟ್ರೇ?"

"ಮಾತು ಕೊಡಾಕ ಆಗೂದಿಲ್ರಿ. ಒಂದೊಂದ ನರಾ ಬಿಡಿಸಿಕೋತ ಹೋಗ್ತೇನಿ."

ಆಪರೇಷನ್ ದಿನ ಮಗುವನ್ನು ಒಳಗೆ ಒಯ್ದ ಮೇಲೆ ಗಂಡ ಗೋಡೆ ನೋಡುತ್ತ ನಿಂತುಬಿಟ್ಟರು. ಜೊತೆಗೆ ಬಂದಿದ್ದ ಹುಸೇನಬಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದರು. ಹಿಂಡಿ ಎಂದರೆ ಕಡಲೆಕಾಯಿ ಚಟ್ನಿಪುಡಿ. ನನ್ನ ಗಂಟಲಿಗೆ ರೊಟ್ಟಿ ಇನ್ನೂ ಒಗ್ಗಿರಲಿಲ್ಲ. "ಉಣ್ಣವಾ. ನೀ ಬಿದ್ರ ಕೂಸಿನ್ನ ಯಾರು ಹಿಡೀಬೇಕು?" ಎಂದು ತುತ್ತು ಮುರಿದು ಕೊಟ್ಟರು. ಉಂಡೆ.

ಕೊನೆಗೆ ವೈದ್ಯೆ ಹೊರಬಂದು ಫೋನಿನಲ್ಲಿ ಫೋಟೊ ತೋರಿಸಿದರು. ಟ್ರೇಯಲ್ಲಿ ಬೆಣ್ಣೆಯಂಥ ಹಳದಿ ಗಂಟು. ಇನ್ನೊಂದು ಫೋಟೊದಲ್ಲಿ, ಅದು ಕೂತಿದ್ದ ಪುಟ್ಟ ಕುಳಿಯೊಳಗೆ, ಶಾವಿಗೆಯಂಥ ಬಿಳಿ ನರದ ಎಳೆಗಳು. ಒಂದೂ ತುಂಡಾಗಿರಲಿಲ್ಲ. ನನ್ನ ಮಗಳು ನನ್ನ ಸೆರಗು ಜಗ್ಗುವುದು ಈ ಎಳೆಗಳಿಂದಲೇ ಎಂದು ಹೊಳೆದು ಮೈ ಜುಮ್ಮೆಂದಿತು. ಅಂಗೈಯಗಲದ ಆ ಜಾಗದಲ್ಲಿ ಮನುಷ್ಯರ ಬೆರಳು ಅಷ್ಟು ಮೆಲ್ಲಗೆ ಓಡಾಡಿ ಬಂದೀತೆಂದು ನಾನು ಊಹಿಸಿಯೂ ಇರಲಿಲ್ಲ. ವೈದ್ಯೆಗೆ ಕೈಮುಗಿದೆ.

ಚಿನ್ಮಯಿಗೆ ಎಚ್ಚರವಾದಾಗ ಹುಸೇನಬಿ ಗಂಟು ತೆಗೆದ ಕಡೆಯ ಅಂಗೈಯಲ್ಲಿ ತಮ್ಮ ಬೆರಳಿಟ್ಟರು. ನಾವು ಬಗ್ಗಿ ನೋಡಿದೆವು. ಪುಟ್ಟ ಬೆರಳುಗಳು ನಿಧಾನವಾಗಿ ಮುಚ್ಚಿಕೊಂಡವು.

"ಹಿಡದಾಳ! ಹಿಡದಾಳ ನೋಡವಾ!" ಹುಸೇನಬಿಯ ಕೂಗಿಗೆ ವಾರ್ಡಿಗೆ ವಾರ್ಡೇ ತಿರುಗಿ ನೋಡಿತು.

ಪರೀಕ್ಷೆಯ ವರದಿಯೂ ಕ್ಯಾನ್ಸರ್ ಅಲ್ಲವೆಂದೇ ಬಂತು. ಗಂಟು ಮತ್ತೆ ಬೆಳೆಯಬಹುದಾದ್ದರಿಂದ ಕೆಲವು ವರ್ಷ ತೋರಿಸುತ್ತಿರಬೇಕು. ನನ್ನ ಬಾಣಂತನ ಮಾಡಿದ ತವರಿನಲ್ಲೇ ಮಗು ಸುಧಾರಿಸಿಕೊಳ್ಳಲೆಂದು ಮಂಡ್ಯಕ್ಕೆ ಹೋದಾಗ ಅಮ್ಮ, "ಸಾಕು ಕಣೇ, ವರ್ಗ ಮಾಡಿಸ್ಕೊಂಡು ಬಂದ್ಬಿಡಿ" ಎಂದಳು. ನಾನು ಚಿನ್ಮಯಿಯ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬತೊಡಗಿದೆ.

ಮರಳುವಾಗ ವಿಜಯಪುರದಲ್ಲಿ ಸಿಂದಗಿ ಬಸ್ಸು ಹತ್ತಿದೆವು. ಪಕ್ಕದಲ್ಲಿ ಕೂತ ಹೆಂಗಸು ಮಗುವನ್ನೂ ಚೀಲಗಳನ್ನೂ ನೋಡಿ ಕೇಳಿದಳು: "ತವರಿಗಿ ಹೊಂಟೀಯೇನವಾ?"

"ಹೌದ್ರಿ" ಎಂದೆ. ಎಂದ ಮೇಲೆ, ಮಂಡ್ಯದ ನಿಲ್ದಾಣದಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ ಅಮ್ಮ ನೆನಪಾಗಿ, ಕಿಟಕಿಯತ್ತ ಮುಖ ತಿರುಗಿಸಿದೆ.