ಸರೋಜಕ್ಕ ನಾಮಪತ್ರ ಹಾಕಿದ ದಿನ

ಇದು ನಡೆದದ್ದು ಕಳೆದ ವಿಧಾನಸಭಾ ಚುನಾವಣೆಯಲ್ಲಿ, ನಾಮಪತ್ರ ಸಲ್ಲಿಸಲು ಇದ್ದ ಕೊನೆಯ ದಿನ. ಉಳಿದದ್ದನ್ನೆಲ್ಲ ನಾನು ಕಣ್ಣಾರೆ ಕಂಡೆನೋ, ಆಮೇಲೆ ಹತ್ತಾರು ಜನರ ಮುಂದೆ ಹೇಳಿ ಹೇಳಿ ಕಟ್ಟಿಕೊಂಡೆನೋ ಎಂಬ ಅನುಮಾನ ನನಗೇ ಇದೆ. ಇದು ಫಿಲಾಸಫಿ ಎಂ.ಎ. ಮಾಡಿದವರಿಗೆ ಅಂಟುವ ರೋಗ ಎನ್ನುತ್ತಾಳೆ ನನ್ನ ಹೆಂಡತಿ. ಇರಬಹುದು. ಆದರೆ ಆ ಮಧ್ಯಾಹ್ನವನ್ನು ನೆನೆದರೆ ಈಗಲೂ ಎದೆ ಡವಡವ ಎನ್ನುತ್ತದೆ, ಅದಂತೂ ಸುಳ್ಳಲ್ಲ. ಇಲ್ಲಿ ಬರುವವರ ಹೆಸರುಗಳನ್ನು ಬದಲಿಸಿದ್ದೇನೆ. ಪಕ್ಷದ ಹೆಸರು ಬೇಡ.

ನಮ್ಮ ಮನೆಯವರು ಮೂಲತಃ ದಾವಣಗೆರೆ ಕಡೆಯವರಾದರೂ ನಾನು ಹುಟ್ಟಿ ಬೆಳೆದದ್ದು ಮರ್ಫಿ ಟೌನಿನಲ್ಲಿ. ಎದುರು ಮನೆ ಸರೋಜಕ್ಕನದು. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದವರು ಕೆಲಸ ಬಿಟ್ಟು ಪಕ್ಷದ ಮಹಿಳಾ ಘಟಕ ಸೇರಿದ್ದರು. ರೇಷನ್ ಕಾರ್ಡು, ಪಿಂಚಣಿ, ಮನೆಯೊಳಗೆ ನುಗ್ಗುವ ಮೋರಿ ನೀರು, ಏನಿದ್ದರೂ ಜನ ತಟ್ಟುತ್ತಿದ್ದದ್ದು ಅವರ ಬಾಗಿಲನ್ನೇ. ವೇದಿಕೆಯ ಮೇಲೆ ಮಾತ್ರ ಅವರಿಗೆ ಯಾವತ್ತೂ ಕೊನೆಯ ಕುರ್ಚಿ.

ಅವರಿಗೆ ಒಂದೇ ಒಂದು ಹಟ ಇತ್ತು, ರಾಹುಕಾಲ. ಬಹಳ ವರ್ಷದ ಹಿಂದೆ ಅವರ ಗಂಡ ರಾಹುಕಾಲದಲ್ಲಿ ಬೈಕ್ ಹತ್ತಿ ಹೊರಟವರು ಕೆ.ಆರ್. ಪುರದ ಹತ್ತಿರ ಲಾರಿಗೆ ಸಿಕ್ಕಿ ತೀರಿಕೊಂಡರು. "ಸ್ವಲ್ಪ ತಡೆದು ಹೋಗಿ ಅನ್ನೋಕೆ ಬಾಯಿಗೆ ಬಂದಿತ್ತು ಕಣೋ. ಅನ್ಲಿಲ್ಲ" ಎಂದು ಒಮ್ಮೆ ನನಗೆ ಹೇಳಿದ್ದರು. ಅಂದಿನಿಂದ ರಾಹುಕಾಲದಲ್ಲಿ ಅವರು ಹೊಸಿಲು ದಾಟುತ್ತಿರಲಿಲ್ಲ, ಹೊಸ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಈ ಸಂಗತಿ ಇಡೀ ಪಕ್ಷಕ್ಕೆ ಗೊತ್ತಿತ್ತು. ಸಭೆ ಕರೆಯುವವರು ಮೊದಲು ಪಂಚಾಂಗ ನೋಡಿ ಆಮೇಲೆ ಅವರಿಗೆ ಫೋನ್ ಮಾಡುತ್ತಿದ್ದರು.

ಆ ಸಲ ಟಿಕೆಟ್ ಸಿಕ್ಕಿದ್ದು ನಾಗರಾಜಣ್ಣನಿಗೆ. ದೊಡ್ಡನೆಕ್ಕುಂದಿ ಕಡೆಯ ಹಳೆಯ ಒಕ್ಕಲು ಮನೆತನ; ಹೊಲಗಳೆಲ್ಲ ಲೇಔಟ್ ಆದ ಮೇಲೆ ರಾಜಕೀಯಕ್ಕೆ ಇಳಿದವರು. ಹೆಸರು ಪ್ರಕಟವಾದ ಕೆಲವೇ ದಿನಗಳಲ್ಲಿ ಒಂದು ಆಡಿಯೊ ಎಲ್ಲರ ಮೊಬೈಲಿಗೆ ಬಂತು. ನಮ್ಮ ಏರಿಯಾದಲ್ಲಿ ಆಸ್ಪತ್ರೆಗೆಂದು ಬಿಟ್ಟಿದ್ದ ಜಾಗವನ್ನು ಕಲ್ಯಾಣ ಮಂಟಪಕ್ಕೆ ಕೊಡಿಸುವ ಮಾತುಕತೆ ಅದು. "ಆಸ್ಪತ್ರೆ ಕಟ್ಟಿದ್ರೆ ಯಾವನ್ ನೆನಪಿಟ್ಕೊತಾನೆ? ಎಲೆಕ್ಷನ್ ಟೈಮಲ್ಲಿ ಮನೆಗೊಂದು ಕುಕ್ಕರ್ ಕೊಟ್ರೆ ಐದು ವರ್ಷ ಬಾಯಿ ಬಿಡಲ್ಲ" ಎನ್ನುವ ಧ್ವನಿ ನಾಗರಾಜಣ್ಣನದೇ ಎಂದು ಎಲ್ಲರೂ ಹೇಳಿದರು. ಮರುದಿನ ನಮ್ಮ ಬೀದಿಯ ಹೆಂಗಸರು ಹಿಂದಿನ ಚುನಾವಣೆಯಲ್ಲಿ ಬಂದಿದ್ದ ಕುಕ್ಕರುಗಳನ್ನು ತಂದು ಹಲಸೂರಿನ ಪಕ್ಷದ ಕಚೇರಿಯ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟು ಹೋದರು. ಕೆಲವಕ್ಕೆ ಮುಚ್ಚಳ ಇರಲಿಲ್ಲ.

ಅವತ್ತು ಸಂಜೆ ಕಚೇರಿಯಲ್ಲಿ ನಡೆದ ಸಭೆಗೆ ಸರೋಜಕ್ಕ ನನ್ನನ್ನೂ ಕರೆದುಕೊಂಡು ಹೋದರು. ಕುಕ್ಕರ್ ದಾಟಿಕೊಂಡೇ ಒಳಗೆ ಹೋಗಬೇಕಿತ್ತು.

"ಧ್ವನಿ ನನ್ನದಲ್ಲ. ಯಾರೋ ಕಂಪ್ಯೂಟರಲ್ಲಿ ಮಾಡಿರೋದು" ಎಂದರು ನಾಗರಾಜಣ್ಣ.

"ಕಂಪ್ಯೂಟರ್‌ಗೂ ನಿಮ್ಮ ಥರಾನೇ ಮಾತಿಗೊಂದ್ಸಲ ಕೆಮ್ಮು ಬರುತ್ತಾ ಅಣ್ಣ?" ಎಂದು ಹಿಂದಿನಿಂದ ಯಾರೋ ಕೇಳಿದರು.

ನಾಗರಾಜಣ್ಣನ ಬಲಗೈಯಂತಿದ್ದ ಸೀನ ಎದ್ದು ನಿಂತ. "ಯಾವನ್ಲೇ ಅವ್ನು? ಮುಂದೆ ಬಂದು ಮಾತಾಡು ಗುರು."

"ಮುಂದೆ ಬರೋಕೆ ಜಾಗ ಎಲ್ಲಿದೆ, ಕುಕ್ಕರ್ ಇಟ್ಟಿದ್ದಾರಲ್ಲ."

ಕುರ್ಚಿಗಳು ಎದ್ದವು. ಅಷ್ಟರಲ್ಲಿ ಯಾರೋ ನನ್ನತ್ತ ತಿರುಗಿ, "ನೀನು ಓದಿರೋನು, ಹೇಳಪ್ಪ. ಅದು ಇವರ ಧ್ವನಿನೇ ತಾನೆ?" ಎಂದರು. "ಖಚಿತವಾಗಿ ಹೇಳೋಕಾಗಲ್ಲ" ಎಂದೆ. ನನ್ನನ್ನು ತಿರಸ್ಕಾರದಿಂದ ನೋಡುವುದರಲ್ಲಿ ಮಾತ್ರ ಅಂದು ಎರಡೂ ಬಣ ಒಂದಾಗಿದ್ದವು.

ಹಿರಿಯರು ಕಾಲಿಗೆ ಬೀಳುವುದೊಂದು ಬಾಕಿ. ಆದರೂ ನಾಗರಾಜಣ್ಣ ಜಗ್ಗಲಿಲ್ಲ. "ಹಿಂದೆ ಸರಿದ್ರೆ ತಪ್ಪು ಒಪ್ಕೊಂಡಂಗೆ. ಕ್ಯಾಂಡಿಡೇಟ್ ನಾನೇ" ಎಂದು ಹೇಳಿ, ಮರುದಿನವೇ ಮೆರವಣಿಗೆಯಲ್ಲಿ ಹೋಗಿ ನಾಮಪತ್ರ ಹಾಕಿಬಂದರು.

ಕೊನೆಯ ದಿನ ಬೆಳಿಗ್ಗೆ ಪಕ್ಷದ ದೊಡ್ಡವರು ಮನಸ್ಸು ಬದಲಿಸಿದರು. ನಾಗರಾಜಣ್ಣನಿಗೆ ಕೊಟ್ಟಿದ್ದ ಬಿ ಫಾರಂ ರದ್ದು ಮಾಡಿ, ಸರೋಜಕ್ಕನ ಹೆಸರಿನಲ್ಲಿ ಹೊಸದನ್ನು ಕೊಟ್ಟರು. ಮಧ್ಯಾಹ್ನ ಮೂರರೊಳಗೆ ಅದರ ಜೊತೆ ನಾಮಪತ್ರ ಸಲ್ಲಿಸಿದರೆ ಪಕ್ಷದ ಚಿಹ್ನೆ ಸರೋಜಕ್ಕನಿಗೆ. ಒಂದು ನಿಮಿಷ ತಡವಾದರೂ ಆ ರದ್ದತಿ ಲೆಕ್ಕಕ್ಕೆ ಬರುವುದಿಲ್ಲ, ಚಿಹ್ನೆ ನಾಗರಾಜಣ್ಣನ ಬಳಿಯೇ ಉಳಿಯುತ್ತದೆ.

ಸರೋಜಕ್ಕ ಮೊದಲು ನೋಡಿದ್ದು ಕ್ಯಾಲೆಂಡರನ್ನು. "ಒಂದೂವರೆಗೆ ರಾಹುಕಾಲ ಬರುತ್ತೆ. ಅಷ್ಟರೊಳಗೆ ಹಾಕಿಬಿಡೋಣ" ಎಂದರು. ಹೀಗೆಂದರು ಎಂದು ನನ್ನ ನೆನಪು.

ಹನ್ನೊಂದರ ಸುಮಾರಿಗೆ ಮರ್ಫಿ ಟೌನಿನಿಂದ ಹೊರಟೆವು. ಮುಂದೆ ತಮಟೆ, ತೆರೆದ ಜೀಪಿನಲ್ಲಿ ಸರೋಜಕ್ಕ, ಹಿಂದೆ ಆಟೋದಲ್ಲಿ ಅವರ ಅತ್ತೆ ಕನ್ನಿಯಮ್ಮ, ಪಕ್ಕದಲ್ಲಿ ಸ್ಕೂಟರಿನಲ್ಲಿ ನಾನು. ಏಪ್ರಿಲ್ ಬಿಸಿಲು ತಲೆ ಸುಡುತ್ತಿತ್ತು. ಚುನಾವಣಾಧಿಕಾರಿಯ ಕಚೇರಿ ಇದ್ದದ್ದು ಶಿವಾಜಿನಗರದ ಕಡೆ. ಅರ್ಧ ಗಂಟೆಯ ದಾರಿ.

ಹಲಸೂರಿಗೆ ಕಾಲಿಡುತ್ತಿದ್ದಂತೆ ನಾಲ್ಕು ಹೆಂಗಸರು ಆರತಿ ತಟ್ಟೆ ಹಿಡಿದು ಅಡ್ಡ ಬಂದರು. ಆರತಿ ಬೇಡ ಎನ್ನಲಾದೀತೆ? ಸರೋಜಕ್ಕ ಇಳಿದರು. ಮುಂದಿನ ತಿರುವಿನಲ್ಲಿ ಶಾಲು, ಪೇಟ. ಅದರ ಮುಂದೆ ಕುಂಬಳಕಾಯಿ ಒಡೆಯುವವರು. ಆಮೇಲೆ ಮತ್ತೆ ಆರತಿ. ನನಗಂತೂ ಮೈ ಜುಮ್ಮೆಂದಿತು. ಇಷ್ಟು ಜನ ಪ್ರೀತಿಸುವ ಹೆಂಗಸನ್ನು ಪಕ್ಷ ಇಷ್ಟು ವರ್ಷ ಮೂಲೆಯಲ್ಲಿ ಕೂರಿಸಿತ್ತಲ್ಲ ಎನಿಸಿತು. ಕೆರೆಯ ಹತ್ತಿರ ಬಂದರೆ ರಸ್ತೆಗೆ ಅಡ್ಡಲಾಗಿ ಒಂದು ಕ್ರೇನ್, ಅದರ ಕೊಕ್ಕೆಗೆ ಆಳೆತ್ತರದ ಸೇಬಿನ ಹಾರ. ನಮ್ಮ ಜೀಪು ನಿಂತಿತು. ಹಾರ ಇಳಿಯಿತು, ಅರ್ಧಕ್ಕೆ ನಿಂತಿತು, ಮತ್ತೆ ಮೇಲೇರಿತು.

ನಾನು ಕ್ರೇನಿನವನ ಹತ್ತಿರ ಹೋಗಿ, "ಬೇಗ ಇಳಿಸಪ್ಪ" ಎಂದೆ.

"ಅಂಜು ನಿಮಿಷಂ ಸಾರ್, ಐದೇ ನಿಮಿಷ. ನಿಧಾನ ಮಾಡು ಅಂತ ಹೇಳವ್ರೆ" ಎಂದ.

"ಯಾರು?"

ಅವನು ಬೆರಳು ತೋರಿಸಿದ ಕಡೆ ಟೀ ಅಂಗಡಿಯ ಮುಂದೆ ಸೀನ ನಿಂತಿದ್ದ. ಆಗ ಆರತಿ ಹಿಡಿದವರ ಮುಖಗಳನ್ನು ಇನ್ನೊಮ್ಮೆ ನೋಡಿದೆ. ಅದರಲ್ಲೊಬ್ಬರು ಸೀನನ ಹೆಂಡತಿ. ಅಡ್ಡಗಟ್ಟಿದ್ದರೆ ಪೊಲೀಸರನ್ನು ಕರೆಯಬಹುದಿತ್ತು. ಸನ್ಮಾನ ಮಾಡುವವರ ಮೇಲೆ ಯಾವ ದೂರು ಕೊಡುವುದು?

ಓಡಿ ಹೋಗಿ ಸರೋಜಕ್ಕನಿಗೆ ಹೇಳಿದೆ. ಅವರು ತಲೆಯ ಮೇಲಿದ್ದ ಮೂರು ಪೇಟಗಳನ್ನು ಒಂದೊಂದಾಗಿ ತೆಗೆದು ಸೀಟಿನ ಮೇಲಿಟ್ಟರು. ಅಷ್ಟರಲ್ಲಿ ಸೀನನೇ ಬಂದ. ಗಡಿಯಾರ ನೋಡಿಕೊಂಡ, ಕೈ ಮುಗಿದ.

"ಆಯ್ತು ಅಕ್ಕ, ಇನ್ನು ಆರಾಮಾಗಿ ಹೋಗಿ. ಒಂದೂವರೆ ಆಯ್ತು. ನಾವು ಊಟಕ್ಕೆ ಹೋಗ್ತೀವಿ. ಬಿರಿಯಾನಿ ಆರಿಹೋಗುತ್ತೆ."

ಎರಡೇ ನಿಮಿಷದಲ್ಲಿ ಕ್ರೇನ್ ಸರಿಯಿತು, ಆರತಿ ತಟ್ಟೆಗಳು ಮಾಯವಾದವು. ನಮ್ಮ ಮುಂದೆ ರಸ್ತೆ ಖಾಲಿಯಾಗಿ ಬಿದ್ದಿತ್ತು. ಅವರಿಗೆ ನಮ್ಮನ್ನು ಮೂರರವರೆಗೆ ತಡೆಯುವ ಅಗತ್ಯವೇ ಇರಲಿಲ್ಲ. ಒಂದೂವರೆಯವರೆಗೆ ತಡೆದರೆ ಸಾಕಿತ್ತು. ಉಳಿದದ್ದನ್ನು ಸರೋಜಕ್ಕ ತಾವೇ ನೋಡಿಕೊಳ್ಳುತ್ತಾರೆ ಎಂದು ಲೆಕ್ಕ ಹಾಕಿದ್ದರು.

ಸರೋಜಕ್ಕ ಮುಚ್ಚಿದ್ದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ತಮಟೆಯವರೂ ಕುಳಿತರು.

"ರಾಹುಕಾಲ ಮೂರಕ್ಕೆ ಮುಗಿಯುತ್ತೆ" ಎಂದು ಒಬ್ಬರು ಅಂದರು.

"ಆಫೀಸೂ ಮೂರಕ್ಕೇ ಮುಗಿಯುತ್ತೆ ಕಣಮ್ಮ" ಎಂದರು ಇನ್ನೊಬ್ಬರು.

ಯಾರೋ ಕುಡಿಯಲು ನೀರು ಕೊಟ್ಟರು. ಸರೋಜಕ್ಕ ಅದನ್ನು ಪಕ್ಕಕ್ಕಿಟ್ಟರು. "ಇಪ್ಪತ್ತು ವರ್ಷ ಕಾದಿದ್ದೀನಿ. ಇವತ್ತು ಸಿಕ್ಕಿದೆ. ಆದ್ರೆ ಈ ಹೊತ್ತಲ್ಲಿ ಕಾಲು ಏಳ್ತಿಲ್ಲ" ಎಂದರು.

ಮುಂದಿನದೇ ನನಗೆ ಖಾತ್ರಿಯಿಲ್ಲದ ಭಾಗ. ನನ್ನ ನೆನಪಿನಲ್ಲಿ ನಾನು ಅವರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, "ಅಕ್ಕ, ರಾಹುಕಾಲ ನಿಮಗೆ ಮಾತ್ರ ಅಲ್ಲ, ಅವರಿಗೂ ರಾಹುಕಾಲನೇ" ಎಂದೆ. ಎಷ್ಟೋ ಜನರಿಗೆ ಹೀಗೆಯೇ ಹೇಳಿದ್ದೇನೆ. ಈ ಮಾತು ಇಷ್ಟು ಅಚ್ಚುಕಟ್ಟಾಗಿರುವುದರಿಂದಲೇ ನನಗೆ ಅದರ ಮೇಲೆ ಸಂಶಯ. ಅಂಥ ಹೊತ್ತಿನಲ್ಲಿ ನನ್ನ ಬಾಯಿಂದ ಸಾಮಾನ್ಯವಾಗಿ "ಖಚಿತವಾಗಿ ಹೇಳೋಕಾಗಲ್ಲ" ಎಂದೇ ಬರುವುದು.

ಕನ್ನಿಯಮ್ಮ ಆಟೋದಿಂದ ಇಳಿದು ಬಂದದ್ದು ಮಾತ್ರ ಚೆನ್ನಾಗಿ ನೆನಪಿದೆ. ಮೊಣಕಾಲು ನೋವಿನ ಮುದುಕಿ. ಸೊಸೆಯ ಭುಜ ಹಿಡಿದು ನಿಂತರು.

"ಏಳು."

"ಅತ್ತೆ, ಈಗ ಬೇಡ. ನಿಮಗೆ ಗೊತ್ತಲ್ಲ."

"ಗೊತ್ತು. ಹೆತ್ತೋಳು ನಾನು. ನನ್ನ ಮಗ ಬಿದ್ದಿದ್ದು ಲಾರಿ ಕೆಳಗೆ. ರಾಹು ಕೆಳಗಲ್ಲ. ನೀನು ತಡಿ ಅಂದಿದ್ರೂ ಅವ್ನು ನಿಲ್ತಿರ್ಲಿಲ್ಲ, ಯಾರ ಮಾತು ಕೇಳ್ತಿದ್ದ ಅವ್ನು? ಏಳು."

ಸರೋಜಕ್ಕ ಅತ್ತೆಯ ಮುಖವನ್ನೇ ನೋಡಿದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಆ ಇಬ್ಬರೂ ಈ ಮಾತನ್ನು ಆಡಿಕೊಂಡಿರಲಿಲ್ಲ ಎಂದು ನನಗೆ ಆಗ ಅನಿಸಿತು. ಅವರು ಎದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಜೀಪು ಬೇಡ, ಮತ್ತೆ ಅಡ್ಡ ಹಾಕ್ತಾರೆ. ನಿನ್ ಸ್ಕೂಟರ್ ತೆಗಿ" ಎಂದರು ನನಗೆ.

ನಾನು ಜೀವನದಲ್ಲಿ ಅಷ್ಟು ಜೋರಾಗಿ ಗಾಡಿ ಓಡಿಸಿಲ್ಲ. ಮುಖ್ಯ ರಸ್ತೆ ಬಿಟ್ಟು ಗಲ್ಲಿಗೆ ನುಗ್ಗಿದೆ. ಒಂದು ಕಡೆ ಮದುವೆಯ ಶಾಮಿಯಾನ ಹಾಕಿ ದಾರಿ ಮುಚ್ಚಿದ್ದರು. "ಭಾಯಿ, ಥೋಡಾ ರಾಸ್ತಾ ದೇವ್" ಎಂದು ಸರೋಜಕ್ಕ ಹಿಂದಿನಿಂದ ಕೂಗಿದರು. ಅಡುಗೆಯವರು ಹಂಡೆ ಸರಿಸಿ, ಶಾಮಿಯಾನದ ಒಳಗಿಂದಲೇ ನಮ್ಮನ್ನು ಬಿಟ್ಟರು. ಊಟದ ಮೇಜುಗಳ ನಡುವೆ ಹೋಗುವಾಗ ಯಾರೋ, "ಅಕ್ಕ, ಊಟ ಮಾಡ್ಕೊಂಡು ಹೋಗಿ" ಎಂದರು. "ಬರುವಾಗ ಮಾಡ್ತೀನಿ" ಎಂದರು ಸರೋಜಕ್ಕ. ನನ್ನ ಅಂಗಿಯನ್ನು ಅವರು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಹಿಂದಿನ ಹೊಲಿಗೆ ಬಿಟ್ಟುಹೋಯಿತು.

ಕಚೇರಿಗೆ ಸ್ವಲ್ಪ ದೂರದಲ್ಲೇ ಪೊಲೀಸರ ಬ್ಯಾರಿಕೇಡ್. ಅಭ್ಯರ್ಥಿಯ ಜೊತೆ ನಾಲ್ಕೇ ಜನ ಒಳಗೆ ಹೋಗಬಹುದಿತ್ತು. ಸೂಚಕರನ್ನು ಕೂರಿಸಿಕೊಂಡು ಕನ್ನಿಯಮ್ಮನ ಆಟೋ ಬೇರೆ ದಾರಿಯಲ್ಲಿ ಬಂದು ಸೇರಿಕೊಂಡಿತು. ಇನ್ನೇನು ಒಳಗೆ ಹೋಗಬೇಕು, ಸೀನ ಏದುಸಿರು ಬಿಡುತ್ತ ಓಡಿ ಬಂದ. ಯಾರೋ ಫೋನ್ ಮಾಡಿರಬೇಕು. ಊಟದ ಎಲೆಯಿಂದಲೇ ಎದ್ದು ಬಂದಿದ್ದ.

"ಅಕ್ಕ, ಬೇಡ ಅಕ್ಕ. ರಾಹುಕಾಲ ನಡೀತಿದೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಸರೋಜಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಕೈ ತೊಳ್ಕೊಂಡು ಬಾ ಸೀನ" ಎಂದು ಹೇಳಿ ಒಳಗೆ ನಡೆದರು.

ನಾನು ಹೊರಗೆ ಒಂದು ಮರದ ಕೆಳಗೆ ನಿಂತೆ. ಅವರು ಹೊರಗೆ ಬಂದಾಗ ಮುಖದಲ್ಲಿ ನಗು ಇರಲಿಲ್ಲ, ಅಳುವೂ ಇರಲಿಲ್ಲ. "ತಗೊಂಡ್ರು" ಎಂದರು ಅಷ್ಟೇ. ಆಮೇಲೆ ಅತ್ತೆಯ ಕೈ ಹಿಡಿದುಕೊಂಡು ಫುಟ್‌ಪಾತಿನ ಮೇಲೆ ಬಹಳ ಹೊತ್ತು ಕುಳಿತರು. ವಾಪಸು ಬರುವಾಗ ಮದುವೆ ಮನೆಯಲ್ಲಿ ನಿಜಕ್ಕೂ ಊಟ ಮಾಡಿದೆವು.

ಸರೋಜಕ್ಕ ಗೆಲ್ಲಲಿಲ್ಲ. ಹಟ ಬಿಡದ ನಾಗರಾಜಣ್ಣ ಪಕ್ಷೇತರರಾಗಿ ಕಣದಲ್ಲೇ ಉಳಿದರು, ಮತ ಹಂಚಿಹೋಯಿತು, ಮೂರನೆಯವರು ಗೆದ್ದರು. ಅಲ್ಲಿಂದ ಶುರುವಾಯಿತು ತಕರಾರು. ಸೀನನ ಕಡೆಯವರು, "ರಾಹುಕಾಲದಲ್ಲಿ ಹಾಕಿದ್ರು, ಸೋತ್ರು. ನಾವು ಹೇಳ್ಲಿಲ್ವಾ?" ಎಂದು ಇವತ್ತಿಗೂ ಆಡಿಕೊಳ್ಳುತ್ತಾರೆ. ಅದಕ್ಕೆ ಉತ್ತರವಾಗಿ ಸರೋಜಕ್ಕನ ಕಡೆಯವರು ಬೇರೆಯೇ ಕತೆ ಹೇಳತೊಡಗಿದರು. ಅವತ್ತು ಬುಧವಾರ, ಬುಧವಾರ ರಾಹುಕಾಲ ಒಂದೂವರೆಗೇ ಮುಗಿಯುತ್ತದೆ, ನಾವು ಮೆಟ್ಟಿಲ ಮೇಲೆ ಕುಳಿತದ್ದು ಅದು ಮುಗಿಯಲಿ ಎಂದೇ, ಮುಗಿದ ಮೇಲೆಯೇ ಅಕ್ಕ ಎದ್ದದ್ದು. ಕೇಳಿ ಕೇಳಿ ನನಗೂ ಹಾಗೇ ಇರಬಹುದೇನೋ ಅನಿಸತೊಡಗಿತು. ಹಾಗಿದ್ದರೆ ಸೀನನ ಮಾತು, ಕನ್ನಿಯಮ್ಮನ ಮಾತು, ಎಲ್ಲವೂ ನಾನು ಹೆಣೆದದ್ದೆ? ಕನ್ನಿಯಮ್ಮ ಈಗ ಇಲ್ಲ. ಸರೋಜಕ್ಕನನ್ನು ಕೇಳಿದರೆ, "ಯಾವ ವಾರನೋ ಏನೋ, ಬಿಡೋ. ಹೋಗಿ ಹಾಕಿ ಬಂದ್ವಲ್ಲ" ಎಂದು ನಗುತ್ತಾರೆ. ಆದರೆ ಅವರು ಈಗ ರಾಹುಕಾಲ ನೋಡುವುದಿಲ್ಲ. ಆಸ್ಪತ್ರೆಯ ಜಾಗಕ್ಕಾಗಿ ಯಾವ ಹೊತ್ತಿನಲ್ಲಿ ಕರೆದರೂ ಚಪ್ಪಲಿ ಮೆಟ್ಟಿ ಹೊರಡುತ್ತಾರೆ.

ನಾನು ಏನಾದರೂ ಹೇಳಿದೆನೋ ಇಲ್ಲವೋ, ಅದನ್ನು ತಿಳಿಯುವ ದಾರಿಯಿಲ್ಲ. ಅದು ಹೋಗಲಿ. ಆದರೆ ಆ ಹೆಂಗಸು ಅಂದು ತನ್ನ ಭಯದ ಒಳಗೇ ನಡೆದುಹೋದದ್ದು ನಿಜವೋ ಅಲ್ಲವೋ ಎಂಬುದು ನನ್ನನ್ನು ಬಿಡಲಿಲ್ಲ.

ನಮ್ಮ ಮನೆಯಲ್ಲಿ ಅಮ್ಮ ಹಳೆಯ ಕ್ಯಾಲೆಂಡರ್ ಎಸೆಯುವುದಿಲ್ಲ, ಅದೇ ಮೊಳೆಗೆ ಹೊಸದನ್ನು ಮೇಲಿಂದ ಸಿಕ್ಕಿಸುತ್ತಾರೆ. ಹೋದ ವಾರ ಕುರ್ಚಿ ಹತ್ತಿ ಆ ವರ್ಷದ ಏಪ್ರಿಲ್ ತಿಂಗಳನ್ನು ಹುಡುಕಿ ತೆಗೆದೆ. ಕೊನೆಯ ದಿನದ ತಾರೀಕನ್ನು ಚುನಾವಣಾ ಪ್ರಕಟಣೆಯಲ್ಲಿ ಮೊದಲೇ ನೋಡಿಕೊಂಡಿದ್ದೆ. ಬೆರಳಿಟ್ಟು ಎರಡು ಸಲ ಓದಿದೆ.

ಅವತ್ತು ಗುರುವಾರ. ರಾಹುಕಾಲ ಒಂದೂವರೆಯಿಂದ ಮೂರರವರೆಗೆ.