ಆಟ ಬಿಡದ ಅಳತೆ

1993ರಲ್ಲಿ ಎಂಟನೇ ತರಗತಿಗೇ ಓದು ನಿಲ್ಲಿಸಿ ಲೇತ್ ಕೆಲಸ ಹಿಡಿದ ನನ್ನ ಕೈಗೆಲಸವನ್ನು ಶಿವಮೊಗ್ಗದ ಆಸ್ಪತ್ರೆಯೊಂದರ ಮೇಡಂ ಬೆಳಕಿಗೆ ಹಿಡಿದು ನೋಡಿ, ಸಾಲದು ಎಂದು ವಾಪಸ್ ಕೊಟ್ಟರು.

ನನ್ನ ಹೆಂಡತಿಗೆ ಅಲ್ಲಿ ಕ್ಯಾನ್ಸರಿಗೆ ರೇಡಿಯೇಷನ್, ನಮ್ಮ ಮಾತಿನಲ್ಲಿ ಕರೆಂಟ್, ಮರುದಿನ ಶುರುವಾಗಬೇಕಿತ್ತು. ಮೆಷಿನ್ ಲೆಕ್ಕದಷ್ಟೇ ಡೋಸ್ ಕೊಡುತ್ತದೆಯೇ ಎಂದು ಈ ಮೇಡಂ ಮೊದಲು ಪ್ಲಾಸ್ಟಿಕ್ ದಿಮ್ಮಿಯೊಳಗೆ ಅಳತೆಯ ಕಡ್ಡಿ ಇಟ್ಟು ಪರೀಕ್ಷಿಸುತ್ತಾರೆ. ಕಡ್ಡಿ ಕೂರುವ ಪ್ಲಾಸ್ಟಿಕ್ ಕೊಳವೆ ಬಿರುಕು ಬಿಟ್ಟಿತ್ತು. ಭದ್ರಾವತಿಯಲ್ಲಿ ನನ್ನದು ಲೇತ್ ಅಂಗಡಿ. ನಾನೇ ಮಾಡಿಕೊಡುತ್ತೇನೆ ಎಂದಿದ್ದೆ.

"ಕಡ್ಡಿ ಒಳಗೆ ಅಲ್ಲಾಡ್ತಿದೆಯಲ್ಲ ಅಣ್ಣಾ," ಎಂದರು ಮೇಡಂ, ನಾನು ಕಡೆದು ತಂದ ಕೊಳವೆಗೆ ಅದನ್ನು ತೂರಿಸಿ ನೋಡಿ.

"ಸಲೀಸಾಗಿ ಹೋಗಿ ಬರ್ಲಿ ಅಂತ ಸ್ವಲ್ಪ ಆಟ ಬಿಟ್ಟಿದೀನಿ ಮೇಡಂ. ಮೆಷಿನ್ನಿಗೆ ಹಾಕೋ ಎಲ್ಲಾ ಬುಷ್‌ಗೂ ಬಿಡ್ತೀವಿ."

"ಆ ಸಂದಿಲಿ ಗಾಳಿ ನಿಂತ್ರೆ ಅಳತೆ ತಪ್ಪುತ್ತೆ. ಡೋಸ್ ಹೆಚ್ಚಾಯ್ತೋ ಕಮ್ಮಿಯಾಯ್ತೋ ಗೊತ್ತಾಗಲ್ಲ."

ಪಕ್ಕದಲ್ಲಿ ಕೂತಿದ್ದ ಹೆಂಡತಿ ಬಿಡಲಿಲ್ಲ. "ನನ್ ಮೈಗೆ ಕೊಡೋ ಕರೆಂಟಲ್ಲೂ ಆಟ ಆಡ್ತೀರಾ ಮಾರಾಯ್ರೆ?"

ಓಲ್ಡ್ ಟೌನಿನ ಅಂಗಡಿಗೆ ಮರಳಿದೆ. ಮೇಡಂ ಬರೆದುಕೊಟ್ಟ ಅಳತೆಯನ್ನು ಮೂರು ಸಲ ಹಿಡಿದು ನೋಡಿ, ಹೊಸ ಕೊಳವೆ ಕಡೆದೆ. ಇಪ್ಪತ್ತೆಂಟು ವರ್ಷದ ಕಸುಬಿನಲ್ಲಿ ಆಟ ಬಿಡದೆ ಮಾಡಿದ್ದು ಅದೊಂದೇ. ಸಂಜೆ ಆಸ್ಪತ್ರೆಯಲ್ಲಿ ಮೇಡಂ ಕಡ್ಡಿ ತೂರಿಸಿದರು. ಅಲ್ಲಾಡಲಿಲ್ಲ. ಪರೀಕ್ಷೆ ಮುಗಿಸಿ ಹೊರಬಂದವರು, "ಲೆಕ್ಕಕ್ಕೆ ಸರಿಯಾಗಿ ಬಂತು. ಬೆಳಿಗ್ಗೆ ಅಕ್ಕನ್ನ ಕರ್ಕೊಂಡು ಬನ್ನಿ," ಎಂದರು.

ದೊಡ್ಡ ಓದು ಓದಿದವರು ಇಂದಿಗೂ ನಾನು ಕಡೆದ ಕೊಳವೆಯಲ್ಲೇ ಅಳೆಯುತ್ತಾರೆ. ನನ್ನ ಬಳಿ ಈಗಿರುವುದು ಒಂದು ಲೇತ್, ಆಟ ಬಿಟ್ಟು ಕೆಡಿಸಿದ ಒಂದು ಪ್ಲಾಸ್ಟಿಕ್ ತುಂಡು, ಇಪ್ಪತ್ತೈದು ಕರೆಂಟ್ ಮುಗಿಸಿ ಮನೆಗೆ ಬಂದ ಹೆಂಡತಿ.